ಹೊಳೆ ಉಸುಕಿಗೆ ಹಗುರ ಗಾಡಿ ಯಾವುದು? ಊರಿಗೂ ಬೇಕು, ಒಮ್ಮೆ ಜೈಸಲ್ಮೇರ್‌ಗೂ ಹೋಗಬೇಕು

ಹೊಳೆಸಾಲು ಹುಡುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ಕೆಲಸ ಧಾರವಾಡದಲ್ಲಿ, ಊರು ಹಾವನೂರು ಹತ್ತಿರ. ತುಂಗಭದ್ರೆ ದಂಡೆಗೇ ನಮ್ಮ ಹೊಲ. ಬೇಸಿಗೆ ಬಂತಂದ್ರೆ ಹೊಳೆ ಹಿಂದೆ ಸರಿಯುತ್ತೆ, ಮೋಟರು ಪೈಪು ಎಲ್ಲ ನೀರಿನ ಹತ್ತಿರ ಒಯ್ಯಬೇಕಾಗುತ್ತೆ, ದಂಡೆ ಇಳಿದ ಮೇಲೆ ನೀರು ಮುಟ್ಟೋ ತನಕ ಪೂರ್ತಿ ಉಸುಕು. ಈಗಿರೋ 150 ಸಿಸಿ ಗಾಡಿ ಅಲ್ಲಿ ಹತ್ತು ಮಾರು ಹೋಗಲ್ಲ, ಹಿಂದಿನ ಗಾಲಿ ಅಚ್ಚಿನ ತನಕ ಹೂತು ನಿಂತುಬಿಡುತ್ತೆ. ಅಪ್ಪ ನಡೆದೇ ಅಡ್ಡಾಡ್ತಾರೆ. ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕರೆ, ಸ್ಟಾರ್ಟರ್ ಟ್ರಿಪ್ ಆದರೆ ಸುಡು ಬಿಸಿಲಲ್ಲಿ ಎರಡು ಮೂರು ಸಲ ಹೋಗಿ ಬರಬೇಕು, ಅವರಿಗೆ ವಯಸ್ಸಾಗಿದೆ, ನೋಡೋಕಾಗಲ್ಲ. ರಜೆಗೆ ಊರಿಗೆ ಹೋದಾಗ ಆ ಕೆಲಸ ನಾನು ಮಾಡಬೇಕು ಅಂತ.

ಇನ್ನೊಂದು ಆಸೆಯ ವಿಷಯ. ಚಳಿಗಾಲದಲ್ಲಿ ಗೆಳೆಯರು ಜೈಸಲ್ಮೇರ್ ಕಡೆ ಮರುಭೂಮಿಯಲ್ಲಿ ಗಾಡಿ ಓಡಿಸೋಕೆ ಹೊರಟಿದ್ದಾರೆ, ನಾನೂ ಹೋಗಬೇಕು.

ನನ್ನ ಎತ್ತರ 5 ಅಡಿ 5 ಇಂಚು, ತೂಕ 60 ಕೆ.ಜಿ. ಆಸುಪಾಸು. ಆನ್‌ರೋಡ್ ಎರಡೂವರೆ ಲಕ್ಷದ ಒಳಗೆ ಮುಗಿದರೆ ಒಳ್ಳೇದು. ಧಾರವಾಡದಿಂದ ಊರಿಗೆ ಹೈವೇ ಮೇಲೆ ಹೋಗಿಬರೋದೂ ಇದೇ ಗಾಡಿಯಲ್ಲಿ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಉಸುಕಿನಲ್ಲಿ ನಿಜವಾಗಿ ಓಡಿಸಿದವರು ಹೇಳಿ.

ಗೋಕುಲ ರೋಡ್ 450, ಹುಬ್ಬಳ್ಳಿ

ತಮ್ಮಾ, ಧಾರವಾಡದಿಂದ ಹಾವನೂರಿಗೆ ಹೋಗಿ ಬರೋದು ಇನ್ನೂರು ಕಿಲೋಮೀಟರ್ ಮೇಲಾಗುತ್ತೆ. ಅದರಲ್ಲಿ ಉಸುಕು ಎಷ್ಟು? ಬಹಳ ಅಂದ್ರೆ ಅರ್ಧ ಕಿಲೋಮೀಟರ್. ಅಷ್ಟಕ್ಕೋಸ್ಕರ ಉಳಿದ ದಾರಿಯಲ್ಲೆಲ್ಲ ಸಣ್ಣ ಇಂಜಿನ್ ಹಿಂಡಿಕೊಂಡು ಹೋಗೋದು ಯಾಕೆ? ನಾನು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಓಡಿಸ್ತೀನಿ. 40 ಪಿಎಸ್ ಶಕ್ತಿ, 17 ಲೀಟರ್ ಟ್ಯಾಂಕು, ಮುಂದೆ 21 ಇಂಚಿನ ಗಾಲಿ. ಎನ್‌ಎಚ್ 48 ಮೇಲೆ ಟ್ರಕ್ ದಾಟಬೇಕಂದ್ರೆ ಗೇರ್ ಇಳಿಸೋ ಕೆಲಸವೇ ಇಲ್ಲ. ಬಜೆಟ್ ಸ್ವಲ್ಪ ಏರಿಸಿಕೊಳ್ಳಿ, ಹತ್ತು ವರ್ಷ ಚಿಂತೆ ಇರಲ್ಲ. ಜೈಸಲ್ಮೇರ್‌ಗೆ ರೋಡ್ ಮೇಲೇ ಹೋಗಬಹುದು, ಬೆನ್ನು ಸೊಂಟ ಹಿಡಿಯಲ್ಲ.

ಲಕ್ಕುಂಡಿ ಎಕ್ಸ್‌ಪಲ್ಸ್, ಗದಗ

ಗೋಕುಲ ರೋಡ್ ಅಣ್ಣಾ, ಹೈವೇ ಬಗ್ಗೆ ನೀವು ಹೇಳಿದ್ದನ್ನ ಒಪ್ತೀನಿ. ಆದ್ರೆ ಅವರು ಕೇಳಿದ್ದು ಉಸುಕಿನ ಬಗ್ಗೆ, ಅದೂ 60 ಕೆ.ಜಿ. ಇರೋ ಮನುಷ್ಯ, ಹೊಳೆಯೊಳಗೆ ಒಬ್ಬರೇ. ಹಿಮಾಲಯನ್ 450 ಪೆಟ್ರೋಲ್ ಸಮೇತ 196 ಕೆ.ಜಿ. ಬಿದ್ದರೆ ಎತ್ತೋರು ಯಾರು?

ಉಸುಕಿನಲ್ಲಿ ಗಾಡಿ ಬಿದ್ದೇ ಬೀಳುತ್ತೆ. ಚೆನ್ನಾಗಿ ಓಡಿಸೋರದ್ದೂ ಬೀಳುತ್ತೆ. ಬಿದ್ದಾಗ ಏಟೇನೂ ಆಗಲ್ಲ, ಮೆತ್ತಗಿರುತ್ತೆ. ತೊಂದರೆ ಎತ್ತೋದರಲ್ಲಿ. ಡಾಂಬರ್ ಮೇಲೆ ಕಾಲಿಗೆ ಆಸರೆ ಸಿಗುತ್ತೆ, ಉಸುಕಿನಲ್ಲಿ ಎತ್ತೋಕೆ ಹೋದರೆ ನಮ್ಮ ಕಾಲೇ ಜಾರಿ ಹೂಳುತ್ತೆ. ಮೊದಲ ಸಲ ಎತ್ತಿದಾಗ ಏದುಸಿರು ಬರುತ್ತೆ, ಎರಡನೇ ಸಲ ಕೈ ನಡುಗುತ್ತೆ, ಮೂರನೇ ಸಲಕ್ಕೆ ಕಸುವು ಮುಗಿದಿರುತ್ತೆ, ಆಮೇಲೆ ಓಡಿಸೋದೂ ಕೆಡುತ್ತೆ, ಮತ್ತೆ ಬೀಳ್ತೀರಿ. ಹಾಗಾಗಿ ನನ್ನ ಲೆಕ್ಕ ಒಂದೇ: ಉಸುಕಿನಲ್ಲಿ ಮಲಗಿಸಿದ ಗಾಡಿಯನ್ನ ಯಾರ ಸಹಾಯವೂ ಇಲ್ಲದೆ ಎಬ್ಬಿಸೋಕೆ ಆಗುತ್ತಾ? ಆದರೆ ಅದು ನಿಮ್ಮ ಗಾಡಿ. ಸಿಸಿ, ಪಿಎಸ್, ಸ್ಕ್ರೀನು, ಬ್ಲೂಟೂತ್ ಎಲ್ಲ ಆಮೇಲೆ.

ನಾನು 5 ಅಡಿ 3 ಇಂಚು. ಓಡಿಸೋದು ಹೀರೋ ಎಕ್ಸ್‌ಪಲ್ಸ್ 200 4ವಿ, ಸಾದಾ ಮಾದರಿ. 159 ಕೆ.ಜಿ., ಸೀಟು 825 ಮಿ.ಮೀ., ಮುಂದೆ 21 ಹಿಂದೆ 18 ಇಂಚಿನ ಕಡ್ಡಿ ಗಾಲಿ. ನಿಂತಾಗ ಒಂದು ಕಾಲು ಪೂರ್ತಿ ಸಿಗುತ್ತೆ, ನನಗೆ ಅಷ್ಟು ಸಾಕು. 19 ಪಿಎಸ್ ಅಂದ್ರೆ ಹೈವೇ ಮೇಲೆ 80-85ರಲ್ಲಿ ಆರಾಮಾಗಿ ಹೋಗಬೇಕು, ಅದರ ಮೇಲೆ ಇಂಜಿನ್ ಅರಚುತ್ತೆ. ಮುಚ್ಚಿಟ್ಟು ಏನು ಮಾಡಲಿ, ಅದು ಇದ್ದದ್ದೇ.

ಮುಂಡರಗಿ ಗ್ಯಾರೇಜ್

ಅಕ್ಕಾರು ಹೇಳಿದ್ದು ಸರಿ. ನಾನು ಇನ್ನೊಂದು ಮಾತು ಸೇರಿಸ್ತೀನಿ. ಯಾವ ಕಂಪನಿ ಗಾಡಿ ಅಂತ ಎಷ್ಟು ಹೊತ್ತು ಯೋಚನೆ ಮಾಡ್ತೀರೋ ಅದರ ಅರ್ಧ ಹೊತ್ತು ಟೈರು, ಗಾಳಿ, ಸ್ಪ್ರಾಕೆಟ್ (ಚೈನು ಕೂರೋ ಹಲ್ಲಿನ ಚಕ್ರ) ಬಗ್ಗೆ ಯೋಚನೆ ಮಾಡಿ. ನಮ್ಮ ಕಡೆ ಹಮ್ಮಿಗಿ, ಸಿಂಗಟಾಲೂರು ಹೊಳೆಸಾಲಿನ ಹುಡುಗರು ಗಾಡಿ ತರ್ತಾರೆ, 'ಉಸುಕಿನಲ್ಲಿ ಎಳೆಯಲ್ಲ ಕಾಕಾ, ಕ್ಲಚ್ ಹೋಗಿದೆ ನೋಡಿ' ಅಂತ. ನೋಡಿದರೆ ಟೈರಿನಲ್ಲಿ 32 ಪಿಎಸ್‌ಐ ಗಾಳಿ ತುಂಬಿಸಿರ್ತಾರೆ. ಅಷ್ಟು ಗಾಳಿ ಇದ್ದರೆ ಟೈರು ಉಸುಕನ್ನ ಕೊಯ್ದುಕೊಂಡು ಒಳಗೆ ಇಳಿಯುತ್ತೆ. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂರುತ್ತೆ, ಮೇಲೆ ತೇಲುತ್ತೆ.

ಎಷ್ಟು ಇಳಿಸಬೇಕು? ಟ್ಯೂಬ್ ಟೈರು, ರಿಮ್ ಲಾಕ್ (ಟೈರು ರಿಮ್ಮಿನೊಳಗೆ ಜಾರದಂಗೆ ಒತ್ತಿ ಹಿಡಿಯೋ ಕ್ಲಾಂಪು) ಇಲ್ಲ ಅಂದ್ರೆ 15-16ಕ್ಕೆ ನಿಲ್ಲಿಸಿ. ಅದರ ಕೆಳಗೆ ಹೋದರೆ ರಿಮ್ ಒಳಗೆ ಟೈರು ಜಾರಿ ತಿರುಗುತ್ತೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತೆ, ವಾಲ್ವ್ ಬುಡದಲ್ಲಿ ಹರಿಯುತ್ತೆ. ಅದಕ್ಕೆ ಪಂಚರ್ ಹಾಕೋಕೆ ಬರಲ್ಲ, ಟ್ಯೂಬೇ ಹೋದಂಗೆ. ಇದನ್ನ ಮೊದಲೇ ಕಂಡುಹಿಡಿಯೋ ಉಪಾಯ ಇದೆ. ವಾಲ್ವಿನ ಬುಡದಲ್ಲಿ ರಿಮ್ಮಿಗೆ ಬಿಗಿಯೋ ಸಣ್ಣ ನಟ್ಟು ಇರುತ್ತಲ್ಲ, ಅದನ್ನ ರಿಮ್ಮಿಗೆ ಬಿಗಿಯಬೇಡಿ, ಸಡಿಲಿಸಿ ಮೇಲೆ ಕ್ಯಾಪಿನ ಹತ್ತಿರ ತಂದು ಬಿಡಿ. ಟೈರು ಜಾರೋಕೆ ಶುರುವಾದರೆ ವಾಲ್ವ್ ಒಂದು ಕಡೆ ವಾಲಿ ನಿಲ್ಲುತ್ತೆ, ಕಣ್ಣಿಗೆ ಕಾಣುತ್ತೆ. ಆಗ ಗಾಳಿ ಪೂರ್ತಿ ಬಿಟ್ಟು ಟೈರು ಹಿಂದಕ್ಕೆ ತಿರುಗಿಸಿ ಸರಿ ಮಾಡಿ. ರಿಮ್ ಲಾಕ್ ಹಾಕಿಸಿದರೆ 12ರ ತನಕ ಇಳಿಸಬಹುದು. ದಂಡೆ ಹತ್ತಿ ರೋಡಿಗೆ ಬಂದ ಕೂಡಲೆ ಮತ್ತೆ 25ರ ಮೇಲೆ ತುಂಬಿಸಲೇಬೇಕು. ಬ್ಯಾಟರಿಗೆ ಹಚ್ಚೋ ಸಣ್ಣ ಪಂಪ್ ಸಿಗುತ್ತೆ, ಒಂದು ಇಟ್ಟುಕೊಳ್ಳಿ. ಕಡಿಮೆ ಗಾಳಿಯಲ್ಲಿ ಹೈವೇ ಮೇಲೆ ಓಡಿಸಬೇಡಿ, ಟೈರು ಕಾದು ಹರಿಯುತ್ತೆ.

ಸ್ಪ್ರಾಕೆಟ್ ವಿಷಯ. ಮುಂದಿನದರಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಸುಮಾರು ಮೂರು ಹಲ್ಲು ಹೆಚ್ಚು ಮಾಡಿದಷ್ಟೇ ಆಗುತ್ತೆ, ಖರ್ಚೂ ಕಡಿಮೆ. 200 ಸಿಸಿ ಗಾಡಿಗೆ ಉಸುಕಿನಲ್ಲಿ ಇದು ಬಹಳ ಫರಕು ಕೊಡುತ್ತೆ, ಎರಡನೇ ಗೇರಿನಲ್ಲಿ ಉಸಿರು ಕಟ್ಟದೆ ಎಳೆಯುತ್ತೆ. ಹೈವೇ ಸ್ಪೀಡು ಸ್ವಲ್ಪ ಹೋಗುತ್ತೆ.

ಹೊಳೆಸಾಲು ಹುಡುಗ, ಧಾರವಾಡ

ಕಾಕಾ, ಈ ವಾಲ್ವ್ ನಟ್ಟಿನ ವಿಷಯ ಯಾವ ವಿಡಿಯೋದಲ್ಲೂ ಇರಲಿಲ್ಲ. ಬಹಳ ಉಪಕಾರ.

ಎರಡು ಪ್ರಶ್ನೆ. ಎಕ್ಸ್‌ಪಲ್ಸ್ ಪ್ರೊ ಮಾದರಿಯಲ್ಲಿ ಸಸ್ಪೆನ್ಶನ್ ಉದ್ದ ಇದೆ, ಅದು ಉಸುಕಿಗೆ ಒಳ್ಳೇದಲ್ವಾ? ಮತ್ತೆ ಕವಾಸಾಕಿ ಕೆಎಲ್‌ಎಕ್ಸ್ 230 ಬರೀ 139 ಕೆ.ಜಿ. ಅಂತ ಓದಿದೆ. ಅಕ್ಕಾರು ಹೇಳಿದ ಲೆಕ್ಕದಲ್ಲಿ ಅದೇ ಮೊದಲು ಬರಬೇಕಲ್ಲ?

ಲಕ್ಕುಂಡಿ ಎಕ್ಸ್‌ಪಲ್ಸ್, ಗದಗ

ಪ್ರೊ ಸೀಟು 891 ಮಿ.ಮೀ. ನಿಮ್ಮ ಎತ್ತರಕ್ಕೆ ಎರಡೂ ಕಾಲಿನ ತುದಿ ಬೆರಳು ಸಿಕ್ಕರೆ ಪುಣ್ಯ. ಮುಂದೆ 250, ಹಿಂದೆ 220 ಮಿ.ಮೀ. ಸಸ್ಪೆನ್ಶನ್, 270 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಕಲ್ಲು, ಕೊರಕಲು, ಜಿಗಿತ ಇದ್ದಲ್ಲಿ ಅದಕ್ಕೆ ಬೆಲೆ ಇದೆ. ಹೊಳೆ ಉಸುಕಿನಲ್ಲಿ ಅಷ್ಟು ಬೇಕಾಗಲ್ಲ. ಅಲ್ಲಿ ನಿಂತುಹೋದಾಗ ಎರಡೂ ಕಾಲು ಊರಿ, ಗಾಡಿ ನಡೆಸಿಕೊಂಡು ಕ್ಲಚ್ ಬಿಡೋದು ಬರಬೇಕು. ಕಾಲೇ ಮುಟ್ಟದಿದ್ದರೆ ಆ ಕೆಲಸ ಆಗಲ್ಲ, ನಿಂತಲ್ಲೇ ಮಗುಚಿಕೊಳ್ಳುತ್ತೆ. ಸಾದಾ ಮಾದರಿಯ 190 ಮತ್ತು 170 ಮಿ.ಮೀ. ನಿಮಗೆ ಧಾರಾಳ.

ಕೆಎಲ್‌ಎಕ್ಸ್ ಬಗ್ಗೆ ನೀವು ಹೇಳಿದ್ದು ನಿಜ. ತೂಕ ಒಂದನ್ನೇ ನೋಡಿದರೆ ಅದಕ್ಕೇ ಮೊದಲ ಜಾಗ. 2024ರ ಕೊನೆಗೆ ಬಂದಾಗ ಮೂರು ಲಕ್ಷದ ಮೇಲಿತ್ತು, ಇಲ್ಲೇ ತಯಾರಾಗೋಕೆ ಶುರುವಾದ ಮೇಲೆ ಬೆಲೆ ಬಹಳ ಇಳಿದಿದೆ. ಗಾಳಿಯಿಂದಲೇ ತಣ್ಣಗಾಗೋ ಸರಳ ಇಂಜಿನ್, 21 ಮತ್ತು 18 ಇಂಚಿನ ಗಾಲಿ. ಶಕ್ತಿ ಸುಮಾರು ಎಕ್ಸ್‌ಪಲ್ಸ್‌ನಷ್ಟೇ, ತೂಕ 20 ಕೆ.ಜಿ. ಕಡಿಮೆ. ಉಸುಕಿನಲ್ಲಿ 20 ಕೆ.ಜಿ. ಅಂದ್ರೆ ಹುಡುಗಾಟ ಅಲ್ಲ. ಆದ್ರೆ ಟ್ಯಾಂಕು 7.6 ಲೀಟರ್, ಎಕ್ಸ್‌ಪಲ್ಸ್‌ದು 13. ಸೀಟೂ ಎತ್ತರವೇ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ, ಕ್ಲಚ್ ಕೇಬಲ್, ಲಿವರ್, ಬ್ರೇಕ್ ಪ್ಯಾಡ್ ಎಷ್ಟು ದಿನಕ್ಕೆ ಬರುತ್ತೆ ಅಂತ ಬುಕ್ ಮಾಡೋ ಮೊದಲೇ ಕೇಳಿ. ಹೀರೋ ಸಾಮಾನು ಹಾವೇರಿಯಲ್ಲೂ ಸಿಗುತ್ತೆ, ಗದಗಿನಲ್ಲೂ ಸಿಗುತ್ತೆ. ನಿಮ್ಮದು ಹೊಲದ ಕೆಲಸದ ಗಾಡಿನೂ ಹೌದಲ್ವಾ, ಒಂದು ಲಿವರ್‌ಗೋಸ್ಕರ ಎರಡು ವಾರ ನಿಂತರೆ ಅಪ್ಪ ಮತ್ತೆ ನಡೀಬೇಕಾಗುತ್ತೆ.

ಗೋಕುಲ ರೋಡ್ 450, ಹುಬ್ಬಳ್ಳಿ

ಎಲ್ಲರೂ ತೂಕ ತೂಕ ಅಂತೀರಿ. ಉಸುಕು ಇಂಜಿನ್ ಶಕ್ತಿ ತಿನ್ನುತ್ತೆ ಅನ್ನೋದು ಯಾರೂ ಹೇಳ್ತಿಲ್ಲ. ಹೊಳೆ ದಂಡೆಯಲ್ಲಿ 19 ಪಿಎಸ್ ನಡೆಯುತ್ತೆ, ಒಪ್ಪಿದೆ. ಮರುಭೂಮಿಯ ದಿಬ್ಬ ಹತ್ತೋಕೆ? ಅರ್ಧ ಹತ್ತಿ ಇಂಜಿನ್ ಮಲಗಿದರೆ ಅಲ್ಲಿಂದ ಗಾಡಿ ತಿರುಗಿಸೋ ಕಷ್ಟ ಕೆಳಗೆ ಬಿದ್ದದ್ದಕ್ಕಿಂತ ಜಾಸ್ತಿ. ನನ್ನ 450 ಭಾರ ಆಯ್ತು ಅನ್ನೋದಾದ್ರೆ ಕೆಟಿಎಂ 390 ಎಂಡ್ಯೂರೋ ಆರ್ ನೋಡಿ. 46 ಪಿಎಸ್, ತೂಕ 159 ಕೆ.ಜಿ., ನಿಮ್ಮ ಎಕ್ಸ್‌ಪಲ್ಸ್‌ನಷ್ಟೇ! ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ.

ಲಕ್ಕುಂಡಿ ಎಕ್ಸ್‌ಪಲ್ಸ್, ಗದಗ

ಅಣ್ಣಾ, ಆ 159 ಪೆಟ್ರೋಲ್ ಇಲ್ಲದ ತೂಕ. ಎಕ್ಸ್‌ಪಲ್ಸ್‌ದು ಟ್ಯಾಂಕು ತುಂಬಿದ ಮೇಲಿನ ತೂಕ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸೋಕೆ ಬರಲ್ಲ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತೆ, 13 ಲೀಟರ್ ಅಂದ್ರೆ ಹತ್ತು ಕೆ.ಜಿ.ಗೆ ಸ್ವಲ್ಪ ಕಡಿಮೆ. ಯಾವ ಗಾಡಿಯ ತೂಕ ನೋಡಿದರೂ ಪೆಟ್ರೋಲ್ ಸಮೇತವಾ ಅಂತ ಕೇಳಬೇಕು, ಕಂಪನಿಗಳು ಒಂದೇ ಥರ ಬರೆಯಲ್ಲ. 390ರ ಸೀಟು 860 ಮಿ.ಮೀ., ಟ್ಯಾಂಕು 9 ಲೀಟರ್.

ಬೆಲೆನೂ ಬಜೆಟ್ ದಾಟುತ್ತೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ 40 ಆಗಿದೆ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಬೇರೆ. ಎರಡೂವರೆ ಲಕ್ಷದ ಮಾತಾಡ್ತಿರೋರಿಗೆ ಇದು ಸಣ್ಣ ವಿಷಯ ಅಲ್ಲ.

390 ಕೆಟ್ಟ ಗಾಡಿ ಅಂತ ಹೇಳ್ತಿಲ್ಲ, ಕಲಿತವರ ಕೈಗೆ ಅದು ಬಹಳ ಒಳ್ಳೆ ಗಾಡಿ. ಉಸುಕಿಗೆ ಹೊಸಬರಾದವರಿಗೆ ಅಷ್ಟು ಶಕ್ತಿ ಕೊಟ್ಟರೆ ಹಿಂದಿನ ಗಾಲಿ ತಿರುಗಿ ತಿರುಗಿ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತೆ.

ರಾಣೆಬೆನ್ನೂರು ಫೌಜಿ

ಜೈ ಹಿಂದ್. ಸೇವೆಯಲ್ಲಿದ್ದಾಗ ಜೋಧಪುರ, ಜೈಸಲ್ಮೇರ್ ಕಡೆ ಇದ್ದೆ, ಅಲ್ಲಿ ಗಾಡಿ ಓಡಿಸಿದ್ದೀನಿ. ಇಬ್ಬರು ಹೇಳೋದರಲ್ಲೂ ಸತ್ಯ ಇದೆ, ಆದ್ರೆ ನಾನು ಅಕ್ಕನ ಕಡೆ.

ಮೊದಲು ತಿಳ್ಕೊಳ್ಳಿ, ಹೊಳೆ ಉಸುಕು ಬೇರೆ, ಥಾರ್ ಉಸುಕು ಬೇರೆ. ತುಂಗಭದ್ರೆಯದು ದಪ್ಪ, ಹರಳು ಹರಳು, ಒಳಗೆ ತೇವ ಇರುತ್ತೆ. ಥಾರ್‌ನದು ಹಿಟ್ಟು, ಗಾಳಿಗೆ ಜರಡಿ ಹಿಡಿದಂಗೆ ನುಣ್ಣಗಿರುತ್ತೆ. ಬೆಳಿಗ್ಗೆ ಚಳಿಗೆ ಇಬ್ಬನಿ ಬಿದ್ದು ಮೇಲಿನ ಪದರ ಸ್ವಲ್ಪ ಗಟ್ಟಿ ಇರುತ್ತೆ, ಹತ್ತು ಗಂಟೆ ಒಳಗೆ ಓಡಿಸಿ ಮುಗಿಸಬೇಕು. ಮಧ್ಯಾಹ್ನ ಅದೇ ದಿಬ್ಬ ಬೇರೆ ದಿಬ್ಬ ಆಗಿರುತ್ತೆ. ಗಾಳಿ ಬೀಸೋ ಕಡೆಯ ಮೈ ಓರೆಯಾಗಿ, ಗಟ್ಟಿಯಾಗಿರುತ್ತೆ. ಆಚೆ ಮೈ ಕಡಿದು ಇಳಿದಿರುತ್ತೆ, ಮೆತ್ತಗಿರುತ್ತೆ. ತುದಿಯಲ್ಲಿ ಆಚೆ ಏನಿದೆ ಅಂತ ನೋಡದೆ ಹಾರಬಾರದು. ದಿಬ್ಬ ಪೂರ್ತಿ ಹತ್ತಲೇಬೇಕು ಅಂತ ಹಟ ಬೇಡ, ಬದಿಯಿಂದ ಸುತ್ತಿ ಹೋಗೋಕೆ ದಾರಿ ಇದ್ದೇ ಇರುತ್ತೆ. 19 ಪಿಎಸ್‌ನಲ್ಲಿ ಹಾಗೇ ಓಡಿಸೋದು.

ಶಕ್ತಿಯ ಮಾತು ಬಂತು. ಮರುಭೂಮಿ ದಾಟೋ ಡಕಾರ್ ರ‍್ಯಾಲಿ ರೇಸಿನಲ್ಲೇ 2011ರಿಂದ ಬೈಕಿಗೆ 450 ಸಿಸಿ ಮಿತಿ. ಅದಕ್ಕೂ ಮುಂಚೆ ಡಬಲ್ ಸಿಲಿಂಡರ್ ದೊಡ್ಡ ಗಾಡಿಗಳು ಓಡ್ತಿದ್ದವು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ಕೇರಳದ ಹರಿತ್ ನೋವಾ 2024ರಲ್ಲಿ ರ‍್ಯಾಲಿ 2 ವಿಭಾಗವನ್ನೇ ಗೆದ್ದರು. ಎಲ್ಲ ಒಂಟಿ ಸಿಲಿಂಡರ್ 450 ಗಾಡಿಗಳ ಮೇಲೆ. ಅವರ ಗಾಡಿಗೂ ಶೋರೂಮ್ ಗಾಡಿಗೂ ಹೋಲಿಕೆ ಇಲ್ಲ, ಆದ್ರೆ ಸಾವಿರಾರು ಕಿಲೋಮೀಟರ್ ಉಸುಕು ದಾಟೋರೂ ಭಾರದ ಗಾಡಿ ಹತ್ತಲ್ಲ ಅನ್ನೋದು ನೆನಪಿರಲಿ.

ಈಗ ಓಡಿಸೋ ವಿಷಯ, ಇದನ್ನ ಕಲೀದಿದ್ರೆ ಯಾವ ಗಾಡಿ ತಗೊಂಡ್ರೂ ಅಷ್ಟೇ. ನಿಂತು ಓಡಿಸಿ. ಮೊಣಕಾಲಿನಿಂದ ಟ್ಯಾಂಕು ಹಿಡೀರಿ, ಕೈ ಸಡಿಲ ಇರಲಿ. ಸೊಂಟ ಹಿಂದಕ್ಕೆ. ಹ್ಯಾಂಡಲ್ ತಾನೇ ಆ ಕಡೆ ಈ ಕಡೆ ಆಡುತ್ತೆ, ಆಡಲಿ ಬಿಡಿ, ಹಿಡಿದು ನಿಲ್ಲಿಸೋಕೆ ಹೋದ್ರೆ ಬೀಳ್ತೀರಿ. ಎಲ್ಲಕ್ಕಿಂತ ಮುಖ್ಯ, ಹೆದರಿಕೆ ಆದಾಗ ರೇಸ್ ಬಿಡಬೇಡಿ. ರೇಸ್ ಬಿಟ್ಟ ಕೂಡಲೆ ಭಾರ ಎಲ್ಲ ಮುಂದಕ್ಕೆ ಬರುತ್ತೆ, ಮುಂದಿನ ಗಾಲಿ ಒಳಗೆ ಹೊಕ್ಕು ಅಡ್ಡ ತಿರುಗುತ್ತೆ. ಹೆದರಿಕೆ ಆದಾಗ ಸ್ವಲ್ಪ ಜಾಸ್ತಿ ಕೊಡಿ, ಮುಂದಿನ ಗಾಲಿ ಹಗುರಾಗಿ ಮೇಲೆ ಬರುತ್ತೆ. ಕಣ್ಣು ಗಾಲಿ ಮೇಲೆ ಬೇಡ, ಮೂವತ್ತು ನಲವತ್ತು ಅಡಿ ಮುಂದೆ ಇರಲಿ. ನಿಲ್ಲಿಸಬೇಕಾದ್ರೆ ಮುಂದಿನ ಬ್ರೇಕ್ ಮುಟ್ಟಬೇಡಿ, ಉಸುಕೇ ನಿಲ್ಲಿಸುತ್ತೆ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ರೆ ಮತ್ತೆ ಹೊರಡೋದು ಸುಲಭ.

ಹಿಂದಿನ ಗಾಲಿ ಹೂತುಹೋದ್ರೆ ರೇಸ್ ಕೊಡೋದು ನಿಲ್ಲಿಸಿ. ಗಾಡಿ ಮೆಲ್ಲಗೆ ಒಂದು ಪಕ್ಕಕ್ಕೆ ಮಲಗಿಸಿ, ಗಾಲಿ ತೋಡಿದ ಗುಂಡಿಗೆ ಕಾಲಿಂದ ಉಸುಕು ತಳ್ಳಿ ತುಂಬಿಸಿ ತುಳೀರಿ, ಆಮೇಲೆ ಎಬ್ಬಿಸಿ. ಗಾಲಿ ಈಗ ನೆಲದ ಮಟ್ಟಕ್ಕೆ ನಿಂತಿರುತ್ತೆ. ಎರಡನೇ ಗೇರು, ಪಕ್ಕದಲ್ಲಿ ನಡೀತಾ ಕ್ಲಚ್ ಬಿಡಿ, ಗಾಡಿ ಹೊರಟ ಮೇಲೆ ಹತ್ತಿ. ಹೀಗೆ ಮಲಗಿಸಿ ಎಬ್ಬಿಸೋಕೂ ಹಗುರ ಗಾಡಿನೇ ಬೇಕು ನೋಡಿ.

ಹೋಗೋ ದಾರಿ: ಬೆಂಗಳೂರಿಂದ ಜೋಧಪುರಕ್ಕೆ ಹೋಗೋ ರೈಲು ಹುಬ್ಬಳ್ಳಿ ಮೇಲೇ ಹೋಗುತ್ತೆ. ಗಾಡಿಯನ್ನ ರೈಲ್ವೆ ಪಾರ್ಸಲ್‌ಗೆ ಹಾಕಬಹುದು. ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ, ಗುರುತಿನ ಚೀಟಿ ಜೆರಾಕ್ಸ್ ಕೊಡಬೇಕು, ಗೋಣಿತಾಟು ಸುತ್ತಿ ಪ್ಯಾಕ್ ಮಾಡಿಸಬೇಕು, ಕನ್ನಡಿ ಬಿಚ್ಚಿ ಇಟ್ಕೊಳ್ಳಿ. ಹಾಗಾಗಿ ದೂರದ ಹೈವೇಗೆ ಅಂತ ದೊಡ್ಡ ಗಾಡಿ ಬೇಕಿಲ್ಲ. ಜೈಸಲ್ಮೇರ್ ಹತ್ತಿರದ ಸಮ್, ಖುರಿ ಸುತ್ತ ಡೆಸರ್ಟ್ ನ್ಯಾಷನಲ್ ಪಾರ್ಕಿನ ಜಾಗ ಇದೆ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಉಳಿದಿರೋ ಕೆಲವೇ ನೆಲೆಗಳಲ್ಲಿ ಅದು ಒಂದು. ನಮ್ಮ ರಾಣೆಬೆನ್ನೂರು ಅಭಯಾರಣ್ಯದಲ್ಲೂ ಹಿಂದೆ ಆ ಹಕ್ಕಿ ಇತ್ತು, ಈಗ ಇಲ್ಲ. ಸ್ಥಳೀಯರನ್ನ ಕೇಳಿ, ಬಿಟ್ಟಿರೋ ಜಾಗದಲ್ಲಿ ಮಾತ್ರ ಓಡಿಸಿ.

ಹಳೆ ಇಂಪಲ್ಸ್, ಹಾನಗಲ್

ಯಾರೂ ಸೆಕೆಂಡ್ ಹ್ಯಾಂಡ್ ಮಾತು ತೆಗೆದಿಲ್ಲ. ಹೀರೋ ಇಂಪಲ್ಸ್ ಅಂತ 2011ರಲ್ಲಿ ಬಂದಿತ್ತು, 150 ಸಿಸಿ, 134 ಕೆ.ಜಿ. ನನ್ನ ಹತ್ತಿರ ಈಗಲೂ ಇದೆ. ವರದಾ ನದಿ ದಂಡೆಯಲ್ಲಿ ದಿನಾ ಓಡಾಡುತ್ತೆ. ಶಕ್ತಿ ಕಡಿಮೆ, ಆದ್ರೆ ಹಗುರ, ಒಂದೇ ಕೈಯಲ್ಲಿ ತಿರುಗಿಸಿ ನಿಲ್ಲಿಸಬಹುದು. ಒಳ್ಳೆ ಗಾಡಿ ಸಿಕ್ಕರೆ ಹೊಲಕ್ಕೆ ಅದೇ ಸಾಕು. ಕೆಲವು ಬಿಡಿಭಾಗ ಹುಡುಕೋದು ಕಷ್ಟ, ಪ್ಲಾಸ್ಟಿಕ್ ಅಂತೂ ಸಿಗಲ್ಲ.

ಮತ್ತೆ ನಮ್ಮ ಕಡೆ ಉಸುಕಿಗಿಂತ ಎರಿ ಮಣ್ಣಿನ ಕಾಟ ಜಾಸ್ತಿ ಅನ್ನೋದು ಮರೀಬೇಡಿ. ಮಳೆ ಬಿದ್ದ ಎರಿ ಹೊಲದಲ್ಲಿ ಗಾಲಿಗೆ ಮಣ್ಣು ಮೆತ್ತಿ ಮಡ್‌ಗಾರ್ಡಿಗೆ ಸಿಕ್ಕಿ ಗಾಲಿನೇ ತಿರುಗಲ್ಲ. ಮುಂದಿನ ಮಡ್‌ಗಾರ್ಡ್ ಟೈರಿನಿಂದ ಬಹಳ ಮೇಲಿರೋ ಗಾಡಿನೇ ತಗೊಳ್ಳಿ.

ಗಳಗನಾಥ ರೈತ

ಗಾಡಿ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ಹೊಳೆ ಗೊತ್ತು. ವರದಾ ಬಂದು ತುಂಗಭದ್ರೆಗೆ ಸೇರೋ ಜಾಗ ನಮ್ಮದು. ಹೊಳೆಯೊಳಗೆ ಗಾಡಿ ಇಳಿಸೋರು ಇಷ್ಟು ಕೇಳಿ.

ಉಸುಕು ತೆಗೆದ ಗುಂಡಿಗಳು ಇರ್ತವೆ. ಟಿಪ್ಪರ್ ತುಂಬಿಸಿಕೊಂಡು ಹೋಗ್ತವೆ, ಗುಂಡಿ ಹಾಗೇ ಉಳಿಯುತ್ತೆ, ಮಳೆಗಾಲ ಆದ ಮೇಲೆ ಅದರೊಳಗೆ ಮೆಕ್ಕಲು ಕೂತು ಮೇಲೆ ತೆಳ್ಳಗೆ ಉಸುಕು ಮುಚ್ಚುತ್ತೆ. ನೋಡೋಕೆ ಸಮನಾಗಿ ಕಾಣುತ್ತೆ, ಮೇಲೆ ಹೋದರೆ ಹುದುಲು. ಎತ್ತು ಸಿಕ್ಕಿಬಿದ್ದಿದ್ದನ್ನ ನೋಡಿದ್ದೀನಿ. ಬಣ್ಣ ಕಪ್ಪಾಗಿದ್ದರೆ, ಮೇಲೆ ಪದರ ಬಿರುಕು ಬಿಟ್ಟಿದ್ದರೆ ಆ ಕಡೆ ಹೋಗಬೇಡಿ. ಹೊಸ ಜಾಗಕ್ಕೆ ಮೊದಲು ನಡೆದು ಹೋಗಿ, ಕೋಲಿನಿಂದ ಚುಚ್ಚಿ ನೋಡಿ, ಆಮೇಲೆ ಗಾಡಿ.

ಬೇಸಿಗೆಯಲ್ಲೂ ನೀರು ಬರುತ್ತೆ. ಹಾವೇರಿ, ಗದಗ-ಬೆಟಗೇರಿ ಕಡೆ ಕುಡಿಯೋ ನೀರಿಗೆ ಅಂತ ಭದ್ರಾ ಡ್ಯಾಮಿನಿಂದ ಹೊಳೆಗೆ ಬಿಡ್ತಾರೆ. ನಿನ್ನೆ ಮೊಣಕಾಲು ಇದ್ದಲ್ಲಿ ಇವತ್ತು ಸೊಂಟ ಇರುತ್ತೆ. ದಾಟಿ ಆಚೆ ದಂಡೆಗೆ ಹೋಗಿ ಗಾಡಿ ಬಿಟ್ಟು ಬಂದರೆ ಅಷ್ಟೇ ಕತೆ. ಮತ್ತೆ ನಮ್ಮ ಪೈಪುಗಳು ಉಸುಕಿನೊಳಗೆ ಮುಚ್ಚಿರ್ತವೆ, ದಯವಿಟ್ಟು ನೋಡಿಕೊಂಡು ಓಡಿಸಿ. ಒಂದು ಪೈಪು ಒಡೆದರೆ ಒಂದು ದಿನದ ನೀರು ಹೋಯ್ತು.

ಹೊಳೆಸಾಲು ಹುಡುಗ, ಧಾರವಾಡ

ಕಾಕಾ, ಪೈಪಿನ ಕಷ್ಟ ನಮ್ಮ ಮನೆಯದೂ ಹೌದು, ಖಂಡಿತ ನೋಡಿಕೊಂಡೇ ಓಡಿಸ್ತೀನಿ.

ಎಲ್ಲರ ಮಾತು ಓದಿ ಇವತ್ತು ಶೋರೂಮಿಗೆ ಹೋಗಿದ್ದೆ. ಎಕ್ಸ್‌ಪಲ್ಸ್ 200 4ವಿ ಸಾದಾ ಮಾದರಿ ಮೇಲೆ ಕೂತು ನೋಡಿದೆ, ಹಿಮ್ಮಡಿ ಸ್ವಲ್ಪ ಮೇಲೇಳುತ್ತೆ, ಹೆದರಿಕೆ ಆಗಲಿಲ್ಲ. ಪ್ರೊ ಮೇಲೆ ಕೂತರೆ ತುದಿ ಬೆರಳು ಮಾತ್ರ. ಅಲ್ಲೇ ಎಕ್ಸ್‌ಪಲ್ಸ್ 210 ಇತ್ತು, ಲಿಕ್ವಿಡ್ ಕೂಲ್ಡ್, ಆರು ಗೇರು, 24 ಪಿಎಸ್ ಮೇಲೆ, ಸೀಟು 830. ಹೈವೇಗೆ ಇದು ವಾಸಿ ಅನ್ನಿಸ್ತು. ಆದ್ರೆ 168 ಕೆ.ಜಿ. ಅಕ್ಕಾರೇ, ಮುಂಡರಗಿ ಕಾಕಾ, ಒಂಬತ್ತು ಕೆ.ಜಿ. ಜಾಸ್ತಿ, ಐದು ಪಿಎಸ್ ಜಾಸ್ತಿ. ನೀವಾದರೆ ಏನು ಮಾಡ್ತಿದ್ರಿ?

ಲಕ್ಕುಂಡಿ ಎಕ್ಸ್‌ಪಲ್ಸ್, ಗದಗ

ನಿಮ್ಮ ದಾರಿ ನೋಡಿದರೆ 210 ನ್ಯಾಯವಾಗಿದೆ. ಹೈವೇ ಅಷ್ಟು ದೂರ, ಸಸ್ಪೆನ್ಶನ್ ಕೂಡ 210 ಮತ್ತು 205 ಮಿ.ಮೀ. ಇದೆ, ಸಾದಾ 200ಕ್ಕಿಂತ ಉದ್ದ, ಸೀಟು ಮಾತ್ರ ಹೆಚ್ಚು ಏರಿಲ್ಲ. 168 ನನ್ನ ಮಿತಿಗೆ ಬಹಳ ಹತ್ತಿರ, ನಿಮ್ಮ ಮಿತಿ ನಿಮಗೇ ಗೊತ್ತಾಗಬೇಕು. ಗೆಳೆಯರ ಗಾಡಿ ಯಾವುದಾದರೂ ಹೊಳೆಗೆ ಒಯ್ದು ಮಲಗಿಸಿ ಎತ್ತಿ ನೋಡಿ. ಎತ್ತೋ ರೀತಿ: ಮೊದಲು ಗೇರಿನಲ್ಲಿರಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿ, ಬೆನ್ನು ಸೀಟಿಗೆ ಆನಿಸಿ ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ ತುದಿಗೆ, ಇನ್ನೊಂದು ಕೈ ಹಿಂದಿನ ಹಿಡಿಕೆಗೆ, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದೆ ಇಡ್ತಾ ಎಬ್ಬಿಸಬೇಕು. ಸೊಂಟದಿಂದ ಎತ್ತಬೇಡಿ. ಆಚೆ ಕಡೆ ಮಗುಚದಂತೆ ಎತ್ತೋ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಬಲಕ್ಕೆ ಬಿದ್ದಿದ್ದರೆ ಮಾತ್ರ ಆಗುತ್ತೆ ಅದು. ಮೂರು ಸಲ ಬೆನ್ನು ಬೆನ್ನಿಗೆ ಎತ್ತೋಕಾದರೆ 210 ತಗೊಳ್ಳಿ. ಆಗದಿದ್ದರೆ ಸಾದಾ 200.

ಗೋಕುಲ ರೋಡ್ 450, ಹುಬ್ಬಳ್ಳಿ

ಸರಿ ಅಕ್ಕಾ, ನನಗೂ ಅನ್ನಿಸ್ತಿದೆ, ಒಬ್ಬರೇ ಹೊಳೆಗೆ ಇಳಿಯೋರಿಗೆ ನನ್ನ ಗಾಡಿ ಅಲ್ಲ. ಹೈವೇ ಮತ್ತು ಉಸುಕು ಎರಡಕ್ಕೂ 210 ನಡೀಬಹುದು. ತಮ್ಮಾ, ಎತ್ತಿ ನೋಡೋಕೆ ನನ್ನ ಗೆಳೆಯನ 210 ಇದೆ, ಬೇಕಿದ್ದರೆ ಭಾನುವಾರ ತರಿಸ್ತೀನಿ.

ಮುಂಡರಗಿ ಗ್ಯಾರೇಜ್

ಯಾವುದೇ ತಗೊಳ್ಳಿ, ಮೊದಲ ಸರ್ವಿಸ್ ಆಗೋ ತನಕ ಉಸುಕಿಗೆ ಇಳಿಸಬೇಡಿ. ಆಮೇಲೆ ಮಾಡಿಸೋ ಕೆಲಸ ಹೇಳ್ತೀನಿ. ಸೈಡ್ ಸ್ಟ್ಯಾಂಡಿನ ಕೆಳಗೆ ಅಂಗೈ ಅಗಲದ ತಗಡು ವೆಲ್ಡಿಂಗ್ ಮಾಡಿಸಿ, ಇಲ್ಲಾಂದ್ರೆ ಸ್ಟ್ಯಾಂಡು ಉಸುಕಿನಲ್ಲಿ ಇಳಿದು ನಿಲ್ಲಿಸಿದ ಗಾಡಿ ತಾನೇ ಬೀಳುತ್ತೆ. ಹ್ಯಾಂಡ್‌ಗಾರ್ಡ್ ಗಟ್ಟಿದು ಹಾಕಿಸಿ, ಲಿವರ್ ಉಳಿಯುತ್ತೆ. ಚೈನಿಗೆ ದಪ್ಪ ಗ್ರೀಸ್ ಹಚ್ಚಬೇಡಿ, ಉಸುಕು ಅಂಟಿ ಸಾಣೆ ಹಿಡಿದಂಗೆ ಹಲ್ಲು ತಿನ್ನುತ್ತೆ. ಹೊಳೆಯಿಂದ ಬಂದ ಮೇಲೆ ನೀರಿನಿಂದ ತೊಳೆದು ಒಣಗಿಸಿ, ತೆಳುವಾದ ಚೈನ್ ಲ್ಯೂಬ್ ಹೊಡೆದು ಒರೆಸಿಬಿಡಿ. ಕ್ಲಚ್ ಕೇಬಲ್ ಆಟ ಸ್ವಲ್ಪ ಇಟ್ಟುಕೊಳ್ಳಿ. ಉಸುಕಿನಲ್ಲಿ ಸುಟ್ಟ ವಾಸನೆ ಬಂತಂದ್ರೆ ನಿಲ್ಲಿಸಿ, ಹತ್ತು ನಿಮಿಷ ತಣ್ಣಗಾಗಲಿ, ಪ್ಲೇಟು ಉಳಿಯುತ್ತೆ.

ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಫಿಲ್ಟರ್ ತೆಗೆದು, ಅದರ ಹಿಂದೆ ಇಂಜಿನ್ ಕಡೆ ಹೋಗೋ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆ ಸ್ವಚ್ಛ ಬಂದರೆ ಸರಿ. ಬೆರಳಿಗೆ ಸಣ್ಣ ಹರಳು ತಾಗಿತು ಅಂದ್ರೆ ಫಿಲ್ಟರಿನ ಅಂಚಿನಿಂದ ಉಸುಕು ಒಳಗೆ ಹೋಗ್ತಿದೆ ಅಂತ, ಗಾಡಿ ಅಲ್ಲೇ ನಿಲ್ಲಿಸಿ. ಅಂಚಿನ ರಬ್ಬರಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರೆ ಸೀಲು ಗಟ್ಟಿಯಾಗುತ್ತೆ. ಆ ಉಸುಕು ಪಿಸ್ಟನ್ ತನಕ ಹೋಯ್ತು ಅಂದ್ರೆ ಬೋರ್ ಕೆಲಸ, ನೀವು ಗಾಡಿಯಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಗುತ್ತೆ.

ರಿಮ್ ಲಾಕ್ ಹಾಕಿಸೋಕೆ ರಿಮ್ಮಿಗೆ ತೂತು ಹೊಡೀಬೇಕು, ಆಮೇಲೆ ಗಾಲಿ ಬ್ಯಾಲೆನ್ಸ್ ಮಾಡಿಸಬೇಕು, ಹೈವೇ ಓಡಿಸೋರಿಗೆ ಅದು ಬಿಟ್ಟರೆ ಹ್ಯಾಂಡಲ್ ನಡುಗುತ್ತೆ. ಹಿಂದಿನ ಗಾಲಿಗೆ ಒಂದು ಸಾಕು. ಗಾಡಿ ಬಂದ ಮೇಲೆ ಮುಂಡರಗಿಗೆ ತನ್ನಿ, ಸ್ಪ್ರಾಕೆಟ್ ಮತ್ತು ರಿಮ್ ಲಾಕ್ ಒಂದೇ ಸಲ ಮುಗಿಸೋಣ, ಹಿಂದಿನ ಗಾಲಿ ಹೇಗೂ ಬಿಚ್ಚಲೇಬೇಕು.